ಹೊನ್ನಿಗೆ ಬರಬೇಕಿದ್ದ ಬೈಗುಳ

ನಮ್ಮೂರಿನಲ್ಲಿ ಶುಕ್ರವಾರ ಬೆಳಿಗ್ಗೆ ಬಂಗಡೆ ಬೇಕೆಂದರೆ ಮಂಗಳವಾರ ಸಂಜೆಯೇ ಹೊಳೆಗಿಳಿದು ಹೇಳಬೇಕು. ಮೊಣಕಾಲು ಮುಳುಗುವಷ್ಟು ನೀರಿದ್ದರೆ ಸಾಕು. ಮೇಲ್ಕೇರಿಯ ಕೊನೆಮನೆಗೆ ಎರಡು ಡಜನ್, ಸಣ್ಣದು ಬೇಡ, ಹೊಟ್ಟೆ ಒಡೆದದ್ದು ಮೊದಲೇ ಬೇಡ ಎಂದು ನಿಧಾನವಾಗಿ, ಬಿಡಿಸಿ ಹೇಳಿದರೆ ಆ ಮಾತು ನೀರಿನೊಟ್ಟಿಗೆ ಏಳು ಮೈಲಿ ಹರಿದು ಎರಡೂವರೆ ದಿನಕ್ಕೆ ಅಳಿವೆ ಸೇರುತ್ತದೆ. ಅಲ್ಲಿ ಉಪ್ಪುನೀರು ಸೋಕಿದ್ದೇ ತಡ, ಹೇಳಿದವರ ದನಿಯಲ್ಲೇ, ಹೇಳಿದ ಹಾಗೆಯೇ ಕೇಳಿಸುತ್ತದೆ. ಇಳಿತದ ಹೊತ್ತಿಗೆ ಅಳಿವೆಕೇರಿಯ ಹೆಂಗಸರು ಬೆಳಚು ಎಂಬ ಚಿಪ್ಪುಮೀನು ಹೆಕ್ಕಲು ಕೆಸರಿಗೆ ಇಳಿದಿರುತ್ತಾರಲ್ಲ, ಅವರು ಕೇಳಿಸಿಕೊಂಡು ಮೀನು ಕಳಿಸುತ್ತಾರೆ. ಹೊಳೆ ಕೆಳಮುಖವಾಗಿ ಮಾತ್ರ ಹರಿಯುವುದರಿಂದ ಮೇಲಿನವರದು ಹೇಳುವ ಪಾಲು, ಕೆಳಗಿನವರದು ಕೇಳುವ ಪಾಲು. ಇದರಲ್ಲಿ ಯಾರ ಭಾಗ್ಯ ದೊಡ್ಡದು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹೀಗಿರುವ ಊರಿನಲ್ಲಿ ಬದುಕುವುದಕ್ಕೂ ಒಂದು ಅಭ್ಯಾಸ ಬೇಕು. ಮೇಲ್ಕೇರಿಯ ಸೊಸೆಯಂದಿರು ಅತ್ತೆಯನ್ನು ಹೊಗಳುವಾಗ ನೀರಿಗೆ ಇಳಿಯುತ್ತಾರೆ, ಉಳಿದದ್ದನ್ನು ಹೇಳುವಾಗ ದಡ ಹತ್ತುತ್ತಾರೆ. ಹೆಣ್ಣು ನೋಡಲು ಬರುವ ಮೊದಲು ಗಂಡಿನ ಕಡೆಯವರು ಒಂದು ವಾರ ಅಳಿವೆಯಲ್ಲಿ ಗಾಳ ಹಾಕಿ ಕೂರುತ್ತಾರೆ. ಮೀನು ಸಿಗದಿದ್ದರೂ ಅವರಿಗೆ ಬೇಸರವಿಲ್ಲ. ಚುನಾವಣೆಗೆ ನಿಂತವನೊಬ್ಬ ಸೊಂಟಮಟ್ಟ ನೀರಿನಲ್ಲಿ ನಿಂತು ಭಾಷಣ ಮಾಡಿ, ಭಾಷಣ ಅಳಿವೆ ಮುಟ್ಟುವ ಮೊದಲೇ ಪಕ್ಷ ಬದಲಿಸಿದ್ದೂ ಉಂಟು. ಮಳೆಗಾಲದಲ್ಲಿ ಮಾತ್ರ ಹೊಳೆ ಕೆಂಪಾಗಿ, ಮಾತೆಲ್ಲ ಒಂದರ ಮೇಲೊಂದು ಬಿದ್ದು, ಸಂತೆಯ ಗದ್ದಲದ ಹಾಗೆ ಬರುತ್ತದೆ. ಆ ನಾಲ್ಕು ತಿಂಗಳು ಊರಿನವರು ಸ್ವಲ್ಪ ಧೈರ್ಯವಾಗಿ ಮಾತಾಡುತ್ತಾರೆ.

ನಾನು ಮಹಾಬಲ, ಊರವರ ಬಾಯಲ್ಲಿ ಮಾಬ್ಲ. ಮನೆ ನಡುಕೇರಿಯಲ್ಲಿ, ಕೆಲಸ ಅಳಿವೆಯ ದಂಡೆಯಲ್ಲಿರುವ ಕಡಲ ಸಂಶೋಧನಾ ಕೇಂದ್ರದಲ್ಲಿ. ಸಂಶೋಧನೆ ಮಾಡುವವನು ನಾನಲ್ಲ. ಉಬ್ಬರಕ್ಕೊಮ್ಮೆ ಇಳಿತಕ್ಕೊಮ್ಮೆ ಹೊಳೆಬಾಯಿಗೆ ಹೋಗಿ ಬಾಟಲಿಯಲ್ಲಿ ನೀರು ತುಂಬಿ, ಉಪ್ಪು ಎಷ್ಟಿದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುವುದಷ್ಟೇ ನನ್ನ ಪಾಲಿನದು. ಇಪ್ಪತ್ತೆರಡು ವರ್ಷ ಬರೆದ ಮೇಲೆ ಯಾವ ತಿಂಗಳು ಎಷ್ಟು ಉಪ್ಪಿರುತ್ತದೆ ಎಂದು ಬಾಯಿಪಾಠವಾಗಿತ್ತು. ಹಾಗಾಗಿ ಜಡಿಮಳೆ ಇದ್ದ ದಿನ, ಮೈಗೆ ಸರಿಯಿಲ್ಲದ ದಿನ, ಆಮೇಲೆ ಸುಮ್ಮನೆ ಮನಸ್ಸಿಲ್ಲದ ದಿನವೂ ಮನೆಯ ಉಯ್ಯಾಲೆಯಲ್ಲಿ ಕೂತೇ ಬರೆಯತೊಡಗಿದೆ. ಇದು ಯಾರಿಗೂ ಗೊತ್ತಿರಲಿಲ್ಲ, ನನ್ನ ಹೆಂಡತಿ ಭವಾನಿಯೊಬ್ಬಳನ್ನು ಬಿಟ್ಟು. ಅವಳು ಒಂದು ಮಳೆಗಾಲದಲ್ಲಿ ಬಟ್ಟೆ ಒಗೆಯುತ್ತ ಪಕ್ಕದ ಮನೆಯವಳಿಗೆ ಅದನ್ನೊಂದು ತಮಾಷೆಯಾಗಿ ಹೇಳಿದ್ದಳು. ಪಕ್ಕದ ಮನೆಯವಳು ನಿಂತಿದ್ದು ದಡದ ಮೇಲೆ. ನನ್ನ ಹೆಂಡತಿ ನಿಂತಿದ್ದು ನೀರಿನಲ್ಲಿ.

ಹೊನ್ನಿಯ ವಿಷಯಕ್ಕೆ ಬರುತ್ತೇನೆ. ಹೊನ್ನಿ ಅಳಿವೆಕೇರಿಯವಳು, ದೋಣಿಯ ಜಟ್ಟಿಯ ಹೆಂಡತಿ, ಬೆಳಚು ಹೆಕ್ಕುವುದರಲ್ಲಿ ಅವಳ ಕೈಗೆ ಸಮ ಯಾರೂ ಇಲ್ಲ. ಅವಳ ಅಕ್ಕ ಮಂಕಾಳಿ ಇರುವುದು ಮೇಲ್ಕೇರಿಯಲ್ಲಿ. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ. ಹೊಳೆಬದಿಯಲ್ಲಿ ಹರಿವೆ, ಬದನೆ, ಬಸಳೆ ಬೆಳೆಯುತ್ತಾಳೆ, ಒಂದು ಎಮ್ಮೆ ಸಾಕಿದ್ದಾಳೆ. ತಾಯಿ ಬೇಗ ಹೋದದ್ದರಿಂದ ಹೊನ್ನಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಅವಳೇ. ಹೊನ್ನಿಗೆ ಮೇಲ್ಕೇರಿಯಲ್ಲೇ, ನಾಲ್ಕು ಮನೆಯಾಚೆ, ಗದ್ದೆ ಇರುವ ಗಂಡನ್ನು ನೋಡಿಯೂ ಇಟ್ಟಿದ್ದಳು. ಹೊನ್ನಿ ಗದ್ದೆ ಬೇಡವೆಂದಳು, ಜಟ್ಟಿ ಸಾಕೆಂದಳು. ಮದುವೆಯ ದಿನ ಎಲ್ಲರೆದುರು ಅಕ್ಕ ಒಂದು ಮಾತು ಆಡಿದಳು, ತಂಗಿ ಎರಡು ಆಡಿದಳು. ನೀನಾಗಿ ಬರುವ ತನಕ ನಿನ್ನಂಗಳ ತುಳಿಯುವುದಿಲ್ಲವೆಂದು ಅಕ್ಕ, ನೀನಾಗಿ ಕರೆಯುವ ತನಕ ಮೇಲ್ಕೇರಿಯ ಬಸ್ಸು ಹತ್ತುವುದಿಲ್ಲವೆಂದು ತಂಗಿ. ಹತ್ತೊಂಬತ್ತು ವರ್ಷ ಹಾಗೇ ಕಳೆಯಿತು.

ಆದರೆ ಮಾತು ನಿಂತಿತು ಎಂದುಕೊಳ್ಳಬೇಡಿ. ದಿನಾ ಬೆಳಿಗ್ಗೆ ಪಾತ್ರೆ ತೊಳೆಯಲು ಹೊಳೆಗಿಳಿದ ಮಂಕಾಳಿ ಮೊದಲು ಮಾಡುವ ಕೆಲಸ ತಂಗಿಯನ್ನು ಬೈಯುವುದು. ಸೊಕ್ಕಿನವಳು ಎಂದು ಶುರುವಾಗಿ ಅದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಹೊನ್ನಿ ಹೆತ್ತ ಸುದ್ದಿ ಮೀನಿನವರ ಬಾಯಿಂದ ತಿಳಿದ ದಿನದ ಬೈಗುಳ ಅಳಿವೆಕೇರಿಯವರಿಗೆ ಇನ್ನೂ ನೆನಪಿದೆ. "ಒದ್ದೆ ತಲೇಲಿ ಗಾಳಿಗೆ ನಿಂತ್ಕಂಡು ಶೀತ ಮಾಡ್ಕಂಡ್ರೆ ಮಗಿಗೆ ಹಾಲು ಕುಡ್ಸೂದು ಯಾರು, ಆ ಜಟ್ಟಿ ಕುಡಿಸ್ತನಾ?" ಎಂದು ಮೊದಲಾಗಿ, ಬಾಣಂತಿಗೆ ಯಾವ ಕಷಾಯ, ಮಗುವಿನ ನೆತ್ತಿಗೆ ಎಷ್ಟು ಎಣ್ಣೆ, ಎಲ್ಲವೂ ಬೈಗುಳದೊಳಗೇ ಬಂದಿತ್ತು. ಹೊನ್ನಿ ಅದನ್ನೆಲ್ಲ ಕೆಸರಿನಲ್ಲಿ ಬಗ್ಗಿ ನಿಂತು ಕೇಳುತ್ತಿದ್ದಳು. ಕೇಳುತ್ತಿಲ್ಲ ಎಂಬಂತೆ ಬೆಳಚು ಹೆಕ್ಕುತ್ತಲೇ ಇರುತ್ತಿದ್ದಳು. ಆದರೆ ಅಕ್ಕ ಹೇಳಿದ ಕಷಾಯ ಆ ಸಂಜೆ ಅವಳ ಮನೆಯಲ್ಲಿ ಕುದಿಯುತ್ತಿತ್ತು.

ಈಗ ಒಡ್ಡಿನ ಕತೆ. ನಡುಕೇರಿಯ ಶೇಷಪ್ಪಯ್ಯ ಹೊಳೆ ಸಮಿತಿಯ ಉಪಾಧ್ಯಕ್ಷರು. ಹೊಳೆಯನ್ನು ಕಾಪಾಡಬೇಕೆಂದು ವರ್ಷಕ್ಕೆರಡು ಸಲ ಹೇಳುವುದು ಅವರ ಹೊಣೆ. ಅವರ ಗೊರಕೆ ಎಂಥದ್ದು, ಅದಕ್ಕೆ ಹೆದರಿ ಕೊಟ್ಟಿಗೆಯ ದನ ಹಗ್ಗ ಕಿತ್ತುಕೊಂಡು ಓಡಿದ್ದು ಹೇಗೆ ಎಂದು ಅವರ ಹೆಂಡತಿ ಪದ್ಮಾವತಮ್ಮ ಒಂದು ದಿನ ನೀರಿನಲ್ಲಿ ನಿಂತು ವಿವರವಾಗಿ ಹೇಳಿದರು. ಮೂರನೆಯ ದಿನ ಶೇಷಪ್ಪಯ್ಯ ಅಳಿವೆಯ ಮೀನುಪೇಟೆಗೆ ಹೋದಾಗ ಅಲ್ಲಿನವರು ತಮ್ಮ ದನಗಳನ್ನು ಗಟ್ಟಿಯಾಗಿ ಕಟ್ಟಿದರಂತೆ. ಮಳೆ ನಿಂತ ಮೇಲೆ ನಡುಕೇರಿಯ ಕೆಳತುದಿಯಲ್ಲಿ, ಹೊಳೆ ಕಿರಿದಾಗುವ ಕಡೆ, ಶೇಷಪ್ಪಯ್ಯ ಚಿರೆಕಲ್ಲಿನ ಚೂರು, ಕೆಮ್ಮಣ್ಣು ತಂದು ಹಾಕಿಸತೊಡಗಿದರು. ಸಿಗಡಿ ಸಾಕುವುದಕ್ಕೆ ಸಣ್ಣದೊಂದು ಒಡ್ಡು, ನೀರು ಬದಿಯಿಂದ ಹೋಗುತ್ತದೆ ಎಂದರು.

ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನದೆ ಇದ್ದದ್ದು ಮಾತ್ರವಲ್ಲ, ಒಬ್ಬೊಬ್ಬರೇ ಹೋಗಿ ಒಂದೊಂದು ಬುಟ್ಟಿ ಮಣ್ಣು ಹಾಕಿ ಬಂದರು. ಒಬ್ಬರಿಗೆ ಮಗಳ ಜಾತಕದ ವಿಷಯ ಕೆಳಗೆ ಹರಿಯಬಾರದು, ಒಬ್ಬರಿಗೆ ಹಾಲಿಗೆ ಬೆರೆಸುವ ನೀರಿನ ವಿಷಯ. ನಮ್ಮ ಕೇಂದ್ರಕ್ಕೆ ಹೊಸ ವಿಜ್ಞಾನಿ ಬರುತ್ತಾರೆ, ಅವರು ದಿನಾ ಅಳಿವೆಯಲ್ಲೇ ನಿಂತು ಕೆಲಸ ಮಾಡುವವರಂತೆ ಎಂದು ಸುದ್ದಿ ಬಂದ ವಾರ ನಾನೂ ಹೋದೆ. ಭವಾನಿ ಆ ತಮಾಷೆಯನ್ನು ತಿಳಿನೀರಿನಲ್ಲಿ ಇನ್ನೊಮ್ಮೆ ಹೇಳಿದರೆ ನಾನು ಕೆಟ್ಟೆ. ನಾನು ಹಾಕಿದ್ದು ಮೂರು ಬುಟ್ಟಿ.

ಬಂದವರು ಇಳಾ ಮೇಡಂ. ವಯಸ್ಸು ಮೂವತ್ತರ ಒಳಗೆ, ಬಿಸಿಲಿಗೆ ಹೆದರದವರು. ಹೊಳೆಯ ಮಾತನ್ನು ಮೊದಲ ದಿನ ಕೇಳಿದಾಗ ಗಡಿಯಾರ ನೋಡಿದರು. ಮರುದಿನ ತಮ್ಮ ಪುಸ್ತಕದಲ್ಲಿ ಉಪ್ಪು, ಬಿಸಿ, ಕೆಸರು ಎಂಬ ಗೆರೆಗಳ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು 'ಮಂಕಾಳಿ, ತಲುಪಿದ ಹೊತ್ತು' ಎಂದು ಬರೆದರು. ಮೇಲಿನಿಂದ ದಿನಾ ತಪ್ಪದೆ ಒಂದೇ ಹೊತ್ತಿಗೆ ಹೊರಡುವ ವಸ್ತು ಅದೊಂದೇ, ಹೊಳೆಯ ವೇಗ ಅಳೆಯಲು ಅದಕ್ಕಿಂತ ಒಳ್ಳೆಯ ಉಪಕರಣ ತಮ್ಮ ಪೆಟ್ಟಿಗೆಯಲ್ಲಿಲ್ಲ ಎಂದರು. ಹೊನ್ನಿಗೆ ಇದು ತಿಳಿದು, ನಮ್ಮಕ್ಕನ ಬಾಯಿ ಕಡೆಗೂ ಸರಕಾರದ ಪುಸ್ತಕ ಸೇರಿತು ಎಂದು ನಕ್ಕಳಂತೆ.

ಆ ಪುಸ್ತಕವೇ ಮೊದಲು ಹೇಳಿತು. ಎರಡೂವರೆ ದಿನದ ಬೈಗುಳ ಮೂರೂವರೆ ದಿನಕ್ಕೆ ಬರತೊಡಗಿತು, ಆಮೇಲೆ ಐದಕ್ಕೆ. ದೀಪಾವಳಿಯ ಹೊತ್ತಿಗೆ ಅರ್ಧರ್ಧ ಮಾತು: 'ಸೊಕ್ಕಿ', 'ಮೆಂತೆ', 'ಕೇಳ್ತ'. ಕಡೆಗೆ ಏನೂ ಇಲ್ಲ. ಮೀನು ಬೇಕೆನ್ನುವವರೂ ಇಲ್ಲ, ಹೊಗಳುವ ಸೊಸೆಯರೂ ಇಲ್ಲ. ಸಿಹಿನೀರು ಬಾರದೆ ಉಬ್ಬರದ ಉಪ್ಪು ಒಳಗೊಳಗೆ ನುಗ್ಗಿತು. ಅಳಿವೆಕೇರಿಯ ಬಾವಿಗಳ ನೀರಿನಲ್ಲಿ ಬೇಳೆ ಬೇಯದಾಯಿತು. ಮರಿ ಬೆಳಚುಗಳು ಬಾಯಿ ತೆರೆದು ಸತ್ತು ಕೆಸರಿನ ತುಂಬ ಬಿದ್ದವು. ನನ್ನ ಪುಸ್ತಕದಲ್ಲಿ ಮಾತ್ರ ಎಲ್ಲ ಹಿಂದಿನ ವರ್ಷದ ಹಾಗೆಯೇ ಇತ್ತು. ಇಳಾ ಮೇಡಂ ತಮ್ಮ ಲೆಕ್ಕವನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮಹಾಬಲ ಅವರೇ, ನಿಮ್ಮ ಪುಸ್ತಕದ ಹೊಳೆ ಬಹಳ ಆರೋಗ್ಯವಾಗಿದೆ, ಅದು ಎಲ್ಲಿ ಹರಿಯುತ್ತದೆ ಎಂದು ತೋರಿಸಿದರೆ ಅಲ್ಲಿಗೇ ಹೋಗಿ ಕೆಲಸ ಮಾಡಬಹುದು ಎಂದರು. ನಾನು ಚಹಾ ತರುತ್ತೇನೆಂದು ಎದ್ದುಹೋದೆ.

ಅದೇ ವಾರ ಹೊನ್ನಿ ಕೇಂದ್ರದ ಬಾಗಿಲಿಗೆ ಬಂದಳು. ಬುಟ್ಟಿಯಲ್ಲಿ ಖಾಲಿ ಚಿಪ್ಪುಗಳು. ಬಾವಿಯ ನೀರಿನ ಬಗ್ಗೆ ಹೇಳಿದಳು, ಸತ್ತ ಬೆಳಚಿನ ಬಗ್ಗೆ ಹೇಳಿದಳು. ಮೇಡಂ ಒಳಗೆ ಹೋದ ಮೇಲೂ ಹೋಗದೆ ಸೆರಗು ತಿರುವುತ್ತ ನಿಂತಳು.

"ಮಾಬ್ಲಣ್ಣ, ನಂಗೆ ಬೇರೆಂತ ಇಲ್ಲ. ಅವ್ಳು ಇದ್ದಾಳಾ ಇಲ್ವಾ ಅಂತ ಒಂದು ನೋಡ್ಕಂಡು ಬನ್ನಿ. ನಾ ಕಳ್ಸಿದ್ದು ಅಂತ ಮಾತ್ರ ಹೇಳ್ಬೇಡಿ."

ಹತ್ತೊಂಬತ್ತು ವರ್ಷ ದಿನಾ ಬೈಸಿಕೊಂಡವಳಿಗೆ ತಿಂಗಳಿಡೀ ಯಾರೂ ಬೈಯದಿದ್ದರೆ ಹೇಗಾಗಬಹುದೋ ಹಾಗಾಗಿದ್ದಳು. ಮುಖ ಇಳಿದುಹೋಗಿತ್ತು. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ, ನೀನೇ ಹೋಗಬಹುದಲ್ಲ ಎಂದೆ. ಅವಳು ಖಾಲಿ ಚಿಪ್ಪಿನ ಬುಟ್ಟಿ ಎತ್ತಿಕೊಂಡು ಹೊರಟಳು. ಮಾರನೆಯ ಬೆಳಿಗ್ಗೆ ನಾನೇ ಹತ್ತಿದೆ.

ಮೇಲ್ಕೇರಿಯಲ್ಲಿ ಹೊಳೆ ಹೊಳೆಯಾಗಿ ಉಳಿದಿರಲಿಲ್ಲ. ನಿಂತ ನೀರು ಕಪ್ಪಾಗಿ, ಮೇಲೆ ಹಸಿರು ಕೆನೆ ಕಟ್ಟಿ, ಸೊಳ್ಳೆ ಎದ್ದಿತ್ತು. ಮಂಕಾಳಿ ಅದರಲ್ಲೇ ನಿಂತು ಪಾತ್ರೆ ತೊಳೆಯುತ್ತಿದ್ದಳು. ಜೀವಕ್ಕೆ ಏನೂ ಆಗಿರಲಿಲ್ಲ. ಕಾಲಿನ ತುಂಬ ತುರಿಕೆಯ ಗಾಯ. ನಾನು ಹತ್ತಿರ ಹೋಗಿ ನಿಂತರೂ ಗುರುತು ಹಿಡಿಯಲಿಲ್ಲ, ಹೆಸರು ಹೇಳಿದ ಮೇಲೆ ದನಿಯಿಂದ ತಿಳಿದಳು. ಅಳಿವೆಯ ಆಫೀಸಿನವನಲ್ಲವಾ ಎಂದಳು. ಆಮೇಲೆ ತಪ್ಪಲೆಯನ್ನು ತಿರುವಿ ತಿರುವಿ ತಿಕ್ಕುತ್ತ, ಅಲ್ಲಿ ಎಲ್ಲರಿಗೂ ಹೊಳೆ ಮಾತು ಸರಿಯಾಗಿ ಕೇಳುತ್ತದೆಯಾ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದಳು. ಒಂದು ತಿಂಗಳಿಂದ ಒಂದು ಮಾತೂ ಕೆಳಗೆ ಬಂದಿಲ್ಲ ಎಂದೆ.

ತಪ್ಪಲೆ ಅವಳ ಕೈಯಿಂದ ಜಾರಿ ನೀರಿನಲ್ಲಿ ಕೂತಿತು. ಅವಳು ಅದನ್ನು ಹುಡುಕಲಿಲ್ಲ.

"ಒಂದೂ ಬರ್ಲಿಲ್ವಾ?" ಎಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಾ ಬೈಲಿಲ್ಲ ತಮ್ಮ. ದೀಪಾವಳಿ ಮರುದಿವ್ಸದಿಂದ ಬೈಲೇ ಇಲ್ಲ. ಕಣ್ಣಿಗೆ ಪೊರೆ ಬಂದದೆ. ಅಕ್ಕಿಯೊಳಗಿನ ಕಲ್ಲು ಕಾಣೂದಿಲ್ಲ. ಆಪರೇಶನ್ ಆಗ್ಬೇಕು, ಒಟ್ಟಿಗೆ ಒಬ್ರು ಬೇಕು ಅಂದ್ರು ಡಾಕ್ಟ್ರು. ಒಂದ್ಸಲ ಬಾರೇ ಅಂತ ಕರೆದೆ ಅವ್ಳನ್ನ. ದಿನಾ ಕರೆದೆ. ಕೇಳಿಯೂ ಬರ್ಲಿಲ್ಲ ಅಂದ್ಕಂಡಿದ್ದೆ."

ಹತ್ತೊಂಬತ್ತು ವರ್ಷದ ಮೇಲೆ ಕರೆದಿದ್ದಾಳೆ, ಆ ಕರೆಗೆ ಅಡ್ಡ ಬಿದ್ದದ್ದರಲ್ಲಿ ಮೂರು ಬುಟ್ಟಿ ನನ್ನದು. ಈಗಲೇ ಹೋಗಿ ಹೊನ್ನಿಗೆ ಹೇಳುತ್ತೇನೆ, ಮಧ್ಯಾಹ್ನದ ಬಸ್ಸಿಗೇ ಬರುತ್ತಾಳೆ ಎಂದೆ. ಮಂಕಾಳಿ ಒಪ್ಪಲಿಲ್ಲ. ಕುರುಡಿಯಾಗುತ್ತೇನೆಂದು ಆಫೀಸಿನವರ ಕೈಯಲ್ಲಿ ಹೇಳಿ ಕಳಿಸಿ ತಂಗಿಯನ್ನು ಕರೆಸಿಕೊಂಡಳು ಎಂದು ನಾಳೆ ಮೀನುಪೇಟೆ ಆಡಿಕೊಳ್ಳುತ್ತದೆಯಂತೆ. "ನಾ ಹೇಳಿದ್ದು ಹೊಳೆ ಹತ್ರ. ಹೊಳೆನೇ ಹೇಳ್ಲಿ ಅವ್ಳಿಗೆ," ಎಂದು ನನ್ನಿಂದ ಆಣೆ ತೆಗೆದುಕೊಂಡಳು. ಈ ಅಕ್ಕತಂಗಿಯರ ಸೊಕ್ಕು ಒಂದೇ ಅಚ್ಚಿನದು ಎಂದು ನನಗೆ ಅಂದು ಖಾತ್ರಿಯಾಯಿತು. ನಾನು ಮೊಣಕೈವರೆಗೆ ಕೈಹಾಕಿ ಆ ತಪ್ಪಲೆ ಹುಡುಕಿ ಕೊಟ್ಟು ಬಂದೆ.

ಕೆಳಗಿಳಿದವನು ಹೊನ್ನಿಗೆ, ಇದ್ದಾಳೆ, ಗಟ್ಟಿಯಾಗಿಯೇ ಇದ್ದಾಳೆ ಎಂದಷ್ಟೇ ಹೇಳಿದೆ. ಅವಳು ಇನ್ನೂ ಏನೋ ಬೇಕೆಂಬಂತೆ ನನ್ನ ಮುಖ ನೋಡಿದಳು. ಆ ಮುಖವನ್ನು ಎದುರಿಸಲಾಗದೆ ನೇರ ಇಳಾ ಮೇಡಂ ಬಳಿ ಹೋಗಿ ಉಯ್ಯಾಲೆ, ಪುಸ್ತಕ, ಬುಟ್ಟಿ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಿದ್ದರೆ ಹಗುರಾಗುತ್ತಿತ್ತು. ಎಷ್ಟು ತಿಂಗಳಿನದು ಉಯ್ಯಾಲೆಯ ಲೆಕ್ಕ ಎಂದು ಕೇಳಿ, ಆ ಹಾಳೆಗಳಿಗೆಲ್ಲ ನನ್ನ ಕೈಯಿಂದಲೇ ಕೆಂಪು ಗೆರೆ ಹಾಕಿಸಿದರು. ಗೆರೆ ಹಾಕಿ ಮುಗಿಯುವಾಗ ಸಂಜೆಯಾಗಿತ್ತು.

ಭಾನುವಾರ ಬೆಳಿಗ್ಗೆ ನಡುಕೇರಿಯ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಮೇಡಂ ಎರಡು ಲೋಟ ನೀರು ತಂದಿದ್ದರು, ಒಂದು ಅಳಿವೆಕೇರಿಯ ಬಾವಿಯದು, ಒಂದು ಮೇಲ್ಕೇರಿಯ ಹೊಳೆಯದು. ಭಾಷಣವಿಲ್ಲ, ಕುಡಿಯಿರಿ ಎಂದು ಶೇಷಪ್ಪಯ್ಯನವರ ಮುಂದೆ ಇಟ್ಟರು. ಅವರು ಮೊದಲನೆಯದನ್ನು ಬಾಯಿಗಿಟ್ಟು ಮುಖ ಹಿಂಡಿದರು. ಎರಡನೆಯದನ್ನು ಮೂಸಿ ನೋಡಿಯೇ ದೂರ ಇಟ್ಟರು. ಆದರೂ ಸಿಗಡಿಯ ವಿಷಯ ಶುರುಮಾಡಿದರು. ಒಡ್ಡು ಒಡೆದರೆ ಅದರ ಹಿಂದೆ ನಿಂತಿರುವ ಒಂದು ತಿಂಗಳ ಮಾತೆಲ್ಲ ಒಟ್ಟಿಗೆ ಕೆಳಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಸಿಗಡಿಯ ಬಗ್ಗೆಯೇ ಎಲ್ಲರೂ ಬಹಳ ಕಾಳಜಿಯಿಂದ ಮಾತಾಡಿದರು.

ನಾನು ಎದ್ದು ನಿಂತು, ಮೂರು ಬುಟ್ಟಿ ನನ್ನದು, ನಾನು ತೆಗೆಯುತ್ತೇನೆ ಎಂದೆ. ಯಾಕೆ ಹಾಕಿದೆ ಎಂಬುದನ್ನೂ ಹೇಳಿದೆ. ಯಾರೂ ನಗಲಿಲ್ಲ, ಎಲ್ಲರೂ ತಮ್ಮ ತಮ್ಮ ಬುಟ್ಟಿಯನ್ನು ನೆನೆಯುತ್ತಿದ್ದರು. ಆಗ ಹಿಂದಿನ ಸಾಲಿನಿಂದ ಪದ್ಮಾವತಮ್ಮ ಮಾತಾಡಿದರು.

"ಇವ್ರ ಗೊರಕೆ ಸುದ್ದಿ ಒಡ್ಡಿನಿಂದ ನಿಲ್ಲೂದಾಗಿದ್ರೆ ನಾನೇ ಇನ್ನೊಂದು ಬುಟ್ಟಿ ಹೊರ್ತಿದ್ದೆ. ನಾ ಅದನ್ನ ಬಸ್ ಸ್ಟ್ಯಾಂಡಲ್ಲಿ ಹೇಳಿ ಆಗದೆ, ಗಿರಣಿಯಲ್ಲೂ ಹೇಳಿ ಆಗದೆ. ಇನ್ನು ಹೊಳೆ ಕಟ್ಟಿ ಎಂತ ಪ್ರಯೋಜನ?"

ಶೇಷಪ್ಪಯ್ಯ ಎದ್ದು ಶಾಲೆಯ ಮೂಲೆಯಲ್ಲಿದ್ದ ಗುದ್ದಲಿ ಹಿಡಿದರು. ಹೆಂಡತಿಯ ಎದುರು ಕೂತಿರುವುದಕ್ಕಿಂತ ಅದು ಸುಲಭವೆಂದು ಕಂಡಿರಬೇಕು. ಹಾಕಿದವರೇ ತೆಗೆಯಬೇಕೆಂದು ಮಾತಾಯಿತು. ಒಬ್ಬೊಬ್ಬರೂ ತಾವು ಹಾಕಿದ್ದಕ್ಕಿಂತ ಹೆಚ್ಚು ಬುಟ್ಟಿ ಹೊತ್ತರು. ಮೂರು ಎಂದವನು ನಾನು ಹದಿನಾಲ್ಕು ಹೊತ್ತೆ. ಮಧ್ಯಾಹ್ನದ ಹೊತ್ತಿಗೆ ನಡುವೆ ಬಿರುಕು ಬಿಟ್ಟು ಕಪ್ಪು ನೀರು ನುಗ್ಗಿತು, ಸಂಜೆಗೆ ಬಣ್ಣ ತಿಳಿಯಾಯಿತು.

ಬುಧವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಮೂರೂ ಕೇರಿಯವರು ಅಳಿವೆಯಲ್ಲಿ ನಿಂತಿದ್ದರು. ನೀರು ನೋಡಲು ಬಂದೆವೆಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮೊದಲು ಬಂದದ್ದು ಜೇನುಗೂಡಿನಂಥ ಗುಂಯ್ ಸದ್ದು. ಆಮೇಲೆ ಒಂದು ತಿಂಗಳ ಬಂಗಡೆ, ಬೈಗುಳ, ಲಗ್ನ, ಮಂತ್ರ, ಮಗ್ಗಿ, ಗೊರಕೆ ಎಲ್ಲ ಒಂದೇ ಉಂಡೆಯಾಗಿ ಮೈಮೇಲೆ ಬಿತ್ತು. ಯಾವುದು ಯಾರದೆಂದು ಯಾರಿಗೂ ತಿಳಿಯಲಿಲ್ಲ. ಜನರ ಮುಖದ ಮೇಲೆ ಬಿಡುಗಡೆ ಕಂಡಿತು. ಸ್ವಲ್ಪ ನಿರಾಸೆಯೂ ಕಂಡಿತು. ಗದ್ದಲ ತೆಳುವಾಗುವ ಹೊತ್ತಿಗೆ ಒಂದೇ ಒಂದು ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಬಂತು. ನಮ್ಮ ಮನೆಯವರು ಸಮುದ್ರದ ಉಪ್ಪು ಅಳೆಯುವುದು ಉಯ್ಯಾಲೆಯಲ್ಲಿ ಕೂತು ಎಂದು ಭವಾನಿ ಹೇಳುತ್ತಿದ್ದಳು. ಅವಳ ದನಿ ಮೊದಲಿನಿಂದಲೂ ಚೆನ್ನಾಗಿದೆ. ಇಳಾ ಮೇಡಂ ಗಡಿಯಾರ ನೋಡಿ ಹೊತ್ತು ಬರೆದುಕೊಂಡರು.

ಎಲ್ಲರೂ ನನ್ನ ಕಡೆ ತಿರುಗಿ ನಗುವಾಗ ನಾನು ಹೊನ್ನಿಯನ್ನು ನೋಡಿದೆ. ಅವಳು ನಗುತ್ತಿರಲಿಲ್ಲ. ಕೆಸರಿನಲ್ಲಿ ಬಗ್ಗಿ, ಕಿವಿ ನೀರಿಗೆ ಸೋಕುವಷ್ಟು ಹತ್ತಿರ ತಂದು, ಒಂದು ಕೈಯಲ್ಲಿ ಜಟ್ಟಿಯ ತೋಳು ಹಿಡಿದಿದ್ದಳು. ನೂರು ದನಿಯ ಆ ಗೊಂದಲದಲ್ಲಿ ನಮಗ್ಯಾರಿಗೂ ಕೇಳಿಸದ ಒಂದನ್ನು ಅವಳು ಹೆಕ್ಕುತ್ತಿದ್ದಳು. ಒಂದು ಸಲ ಕರೆದದ್ದಲ್ಲವಲ್ಲ. ತಿಂಗಳಿಡೀ ಕರೆದದ್ದು ಒಟ್ಟಿಗೆ ಬಂದಿರಬೇಕು. ಅವಳು ನೆಟ್ಟಗೆ ನಿಂತಾಗ ಮುಖದ ಒಂದು ಬದಿ ಒದ್ದೆಯಾಗಿತ್ತು. ಜಟ್ಟಿಗೆ ಏನೋ ಹೇಳಿ, ಬುಟ್ಟಿಯನ್ನು ಅವನ ಕೈಗೆ ಕೊಟ್ಟು, ಕಾಲಿನ ಕೆಸರನ್ನೂ ತೊಳೆಯದೆ ಬಸ್ಸಿನ ಕಡೆ ನಡೆದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ನಿಲ್ಲದೆ ಹೊಳೆದಂಡೆ ಹಿಡಿದು ಮೇಲೆ ಹೋದಳೆಂದು ಆಮೇಲೆ ಗೊತ್ತಾಯಿತು.

ಮಂಕಾಳಿಯ ಕಣ್ಣಿನ ಆಪರೇಶನ್ ಮುಂದಿನ ವಾರ ಆಯಿತು. ಆ ಚಳಿಗಾಲ ಮೂರೂ ಕೇರಿಯವರು ತಮ್ಮ ತಮ್ಮ ಪಾಲಿನ ಹೊಳೆಯ ಹೂಳನ್ನು ಗುದ್ದಲಿ ಹಿಡಿದು ತೆಗೆದರು. ಬಾವಿಗಳು ತಿಂಗಳೊಳಗೆ ಸಿಹಿಯಾದವು, ಮರಿ ಬೆಳಚು ಕಾಣಲು ಮುಂದಿನ ಮಳೆಗಾಲ ಕಳೆಯಬೇಕಾಯಿತು. ನಾನು ದಿನಾ ಎರಡು ಹೊತ್ತು ನೀರಿಗಿಳಿದು ಅಳೆಯುತ್ತೇನೆ. ಮೇಡಂ ಕೇಳದಿದ್ದರೂ ಬಾಟಲಿ ತೋರಿಸುತ್ತೇನೆ.

ಆಪರೇಶನ್ ಆದ ಐದಾರು ದಿನಕ್ಕೆ, ಇಳಿತದ ಹೊತ್ತಿಗೆ ನಾನು ಬಾಟಲಿ ತುಂಬುತ್ತಿದ್ದೆ. ಜಟ್ಟಿ ಪಕ್ಕದಲ್ಲಿ ದೋಣಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಹೆಂಡತಿ ಹೋಗಿ ಹತ್ತು ದಿನಕ್ಕೆ ಮೇಲಾಗಿತ್ತು, ಏನಾದರೂ ಹೇಳಿ ಕಳಿಸಿಯಾಳೆಂದು ದಿನಾ ಬಂದು ಕೂರುತ್ತಿದ್ದ. ಮದುವೆಯಾದ ಮೇಲೆ ಮೊದಲ ಸಲ ನೀರಿನಲ್ಲಿ ಹೊನ್ನಿಯ ದನಿ ಬಂತು. ಕೆಳಗೆ ನಿಂತು ಕೇಳುವ ಪಾಲು ತನ್ನದು ಎಂದೂ ಆಗಿರಲಿಲ್ಲ ಎಂಬಂತೆ ಗಟ್ಟಿಯಾಗಿ, ಅಧಿಕಾರದಿಂದ ಮಾತಾಡುತ್ತಿದ್ದಳು. ಜಟ್ಟಿ ಬೀಡಿ ಎಸೆದು ಕಿವಿಗೊಟ್ಟ. ಅವನಿಗೆ ಹೇಳಿದ್ದಾಗಿರಲಿಲ್ಲ. ಕಣ್ಣಿಗೆ ಮದ್ದು ಬಿಡುವುದಕ್ಕೆ ತಲೆ ಎತ್ತು ಎಂದು ತಂಗಿ, ಎತ್ತಿಯೇ ಇದ್ದೇನೆ ಎಂದು ಅಕ್ಕ; ಇದು ಎತ್ತಿದ್ದಾ, ಎಮ್ಮೆಯೂ ಇದಕ್ಕಿಂತ ಚಂದ ಎತ್ತುತ್ತದೆ ಎಂದು ತಂಗಿ, ನನಗೆ ಎಮ್ಮೆಯ ಬುದ್ಧಿ ಹೇಳಬೇಡ, ಆ ಗದ್ದೆಯವನನ್ನು ಮದುವೆಯಾಗಿದ್ದರೆ ನಿನಗೂ ನಾಲ್ಕು ಎಮ್ಮೆ ಇರುತ್ತಿತ್ತು ಎಂದು ಅಕ್ಕ.

ಜಟ್ಟಿ ಕೊನೆಯವರೆಗೆ ಕೇಳಿದ. ಆಮೇಲೆ ಎದ್ದು ಪಂಚೆ ಕೊಡವಿ, ಇವಳು ಈ ತಿಂಗಳು ಬರುವ ಹಾಗೆ ಕಾಣುವುದಿಲ್ಲ, ಗಂಜಿಗೆ ಎಷ್ಟು ಅಕ್ಕಿಗೆ ಎಷ್ಟು ನೀರು ಎಂದು ನನ್ನನ್ನು ಕೇಳಿದ.